ಗಿಡ್ಡ ಕತ್ತಿನ ಗಿಟಾರು

ನನ್ನ ಎಡಗೈ ಪೂರ್ತಿ ಚಾಚುವುದಿಲ್ಲ. ಕೊತ್ತತ್ತಿ ಹತ್ತಿರ ನಾಲೆ ಏರಿಯ ಮೇಲೆ ಸ್ಕೂಟರು ಜಾರಿ ಮೊಣಕೈ ಮುರಿದು, ಎರಡು ಸಲ ಆಪರೇಷನ್ ಆಗಿ, ಒಳಗೆ ಪ್ಲೇಟು ಕೂತ ಮೇಲೆ ಅದು ಬಾಗಿದ ಹಾಗೇ ಉಳಿಯಿತು. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ನನ್ನದು ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ತಿರುಗಿಸಿ ನೋಡುವುದು, ಉಳಿದ ದಾರ ಕತ್ತರಿಸುವುದು. ಅದಕ್ಕೆ ಕೈ ಇಷ್ಟು ಚಾಚಿದರೆ ಸಾಕು. ಗಿಟಾರಿಗೆ ಸಾಲುತ್ತಿರಲಿಲ್ಲ.

ಗಿಟಾರು ಕಲಿತದ್ದು ಮಂಡ್ಯದಲ್ಲಿ, ಒಬ್ಬ ಮೇಷ್ಟರ ಹತ್ತಿರ. ಒಂಬತ್ತು ವರ್ಷ ಪ್ರತಿ ಭಾನುವಾರ ನಮ್ಮೂರಾದ ಹೊಳಲಿನಿಂದ ಬಸ್ಸು ಹತ್ತಿ ಹೋಗಿದ್ದೇನೆ. ಕೊನೆಯ ನಾಲ್ಕು ವರ್ಷ ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದವಳು ನಾನೇ. ಮೇಷ್ಟ್ರು ಒಳಗಿನ ಕೋಣೆಯಲ್ಲಿ ಫೋನು ನೋಡುತ್ತಾ ಕೂತಿರುತ್ತಿದ್ದರು. ಮದುವೆ ರಿಸೆಪ್ಷನ್ನುಗಳಲ್ಲಿ ನುಡಿಸಲು ಅವರದೊಂದು ತಂಡ ಇತ್ತು. ತಂಡದ ಗಿಟಾರುಗಳಿಗೆಲ್ಲ ಶ್ರುತಿ ಕೂರಿಸಿ ಕೊಡುತ್ತಿದ್ದವಳೂ ನಾನೇ. ವೇದಿಕೆಯ ಮೇಲಕ್ಕೆ ಮಾತ್ರ ಒಂದು ದಿನವೂ ಕರೆಯಲಿಲ್ಲ.

ನಮ್ಮಪ್ಪ ತಮಟೆ ಬಡಿಯುತ್ತಿದ್ದವರು. ನಾನು ಹೈಸ್ಕೂಲಿನಲ್ಲಿದ್ದಾಗ, ಊರವರ ಸಾವಿಗೆ ಇನ್ನು ಬಡಿಯುವುದಿಲ್ಲ ಎಂದು ನಮ್ಮ ಕೇರಿಯವರೆಲ್ಲ ಕೂತು ತೀರ್ಮಾನ ಮಾಡಿದರು. ಅಂದಿನಿಂದ ಅಪ್ಪ ತಮಟೆ ಮುಟ್ಟಿಲ್ಲ. ಆದರೆ ಬೆರಳು ಸುಮ್ಮನಿರುವುದಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಆಡುತ್ತಲೇ ಇರುತ್ತದೆ. ಅದರಲ್ಲಿ ಒಂದು ಏಟು ವಿಚಿತ್ರವಾಗಿತ್ತು. ಕುಂಟುತ್ತಾ ಕುಂಟುತ್ತಾ ಹೋಗಿ ತಟಕ್ಕನೆ ಕಾಲೂರಿದಂತೆ ನಿಲ್ಲುವುದು. ಹೆಣ ಮಣ್ಣು ಮಾಡಿ ಹಿಂತಿರುಗುವಾಗ ಅದನ್ನು ಬಡಿಯುತ್ತಿದ್ದರಂತೆ. ಮಾರಿಯ ಮೆರವಣಿಗೆ ಗುಡಿಯ ಹತ್ತಿರ ಬಂದಾಗಲೂ ಅದೇ ಏಟು. ನಾನದನ್ನು ಗಿಟಾರಿಗೆ ತಂದೆ. ಹೆಬ್ಬೆರಳು ದಪ್ಪ ತಂತಿಯ ಮೇಲೆ, ಅಂಗೈ ಅಂಚಿನಿಂದ ಗಿಟಾರಿನ ಹೊಟ್ಟೆಯ ಮೇಲೆ ಏಟು, ಉಳಿದ ಬೆರಳಲ್ಲಿ ರಾಗ. ಎರಡು ವರ್ಷ ಕೂತು ತಿದ್ದಿದೆ.

ಕೈ ಮುರಿದು ಮನೆಯಲ್ಲಿದ್ದಾಗ ಫ್ಯಾಕ್ಟರಿಯ ಗೆಳತಿಯೊಬ್ಬಳು ನೋಡಲು ಬಂದಳು. ಬಂದವಳೇ ಫೋನು ಹಿಡಿದಳು. “ನೋಡೇ, ನಿಮ್ ಮೇಷ್ಟ್ರು ಫೇಮಸ್ ಆಗ್ಬುಟ್ಟವ್ರೆ.”

ವಿಡಿಯೊದಲ್ಲಿ ಅವರು. ಅವರ ಬೆರಳಲ್ಲಿ ನನ್ನ ರಾಗ. ಕೆಳಗೆ ‘ಜಾನಪದ ಫ್ಯೂಷನ್, ಸ್ವಂತ ರಚನೆ’ ಎಂದು ಬರೆದಿತ್ತು. ನಾನು ಅಭ್ಯಾಸ ಮಾಡುವಾಗ ತಪ್ಪು ತಿದ್ದುತ್ತೇನೆ ಎಂದು ಹೇಳಿ ಅವರೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಹೊಟ್ಟೆಯ ಮೇಲಿನ ಏಟು ಅವರಿಗೆ ಒಲಿದಿರಲಿಲ್ಲ. ಅದು ಹಿಂದಿನಿಂದ ತಾಳದ ಮಷೀನಿನಲ್ಲಿ ಬರುತ್ತಿತ್ತು. ಗಂಡು ಹೆಣ್ಣು ವೇದಿಕೆ ಹತ್ತುವಾಗ ಈಗ ಎಲ್ಲ ಕಡೆ ಇದನ್ನೇ ನುಡಿಸುತ್ತಾರೆ ಎಂದಳು ಗೆಳತಿ. ಅದರಿಂದ ಬಂದ ಹೆಸರಿನಿಂದಲೇ ಮದ್ದೂರಿನಲ್ಲಿ ಇನ್ನೊಂದು ಕ್ಲಾಸೂ ಶುರುವಾಗಿತ್ತು.

ಕಟ್ಟು ಬಿಚ್ಚಿದ ವಾರವೇ ಮಂಡ್ಯಕ್ಕೆ ಹೋದೆ. ಕ್ಲಾಸಿನಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು, ಅರ್ಧಕ್ಕರ್ಧ ನನ್ನ ಹತ್ತಿರ ಪಾಠ ಶುರು ಮಾಡಿದವರು.

“ಸರ್, ಅದು ನಂದು.”

“ಯಾವ್ದಮ್ಮ?”

“ನೀವು ವಿಡಿಯೊ ಹಾಕಿರೋದು. ಅದರಲ್ಲಿರೋದು ನಮ್ಮಪ್ಪನ ಏಟು.”

ಅವರು ನಕ್ಕರು. “ತಾಳ ಏನು ನಿಮ್ಮಪ್ಪನ ಮನೆ ಆಸ್ತಿನಾ? ಬೀದೀಲಿ ಬಡಿಯೋದನ್ನ ಎತ್ಕೊಂಡು ಬಂದು ಸ್ಟೇಜ್ ಹತ್ಸಿದೀನಿ. ಖುಷಿ ಪಡು.” ಆಮೇಲೆ ನನ್ನ ಮೊಣಕೈ ನೋಡಿದರು. “ನಿಂದೇ ಆದ್ರೆ ನುಡಿಸಿ ತೋರ್ಸು. ಇಲ್ಲೇ, ಈಗ್ಲೇ.”

ಅವರ ಗಿಟಾರನ್ನೇ ನನ್ನ ತೊಡೆಯ ಮೇಲಿಟ್ಟರು. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿರುವ ಲೋಹದ ಗೆರೆಗಳಿಗೆ ಫ್ರೆಟ್ ಅನ್ನುತ್ತಾರೆ. ನನ್ನ ರಾಗ ಶುರುವಾಗುವುದು ಮೊದಲನೇ ಫ್ರೆಟ್ಟಿನಲ್ಲಿ, ತಲೆಯ ತೀರಾ ಪಕ್ಕದಲ್ಲಿ. ನನ್ನ ಬೆರಳು ಅಲ್ಲಿಗಿಂತ ಎರಡು ಬೆರಳಗಲ ಮುಂಚೆಯೇ ನಿಂತುಬಿಟ್ಟಿತು. ಭುಜ ತಳ್ಳಿದೆ, ಗಿಟಾರು ಓರೆ ಮಾಡಿದೆ. ತಂತಿ ಕಿರ್ರ್ ಎಂದಿತು. ಹಿಂದೆ ಯಾರೋ ಕಿಸಕ್ಕೆಂದರು.

“ಬುಡಮ್ಮ,” ಎಂದರು ಮೇಷ್ಟ್ರು ಗಿಟಾರು ಎತ್ತಿಕೊಂಡು. “ಈ ಕೈಲಿ ಇನ್ನು ಮುದ್ದೆ ಕಟ್ಕೊಂಡು ಇರು.”

ಬಸ್ಸಿನಲ್ಲಿ ನಾನು ಅಳಲಿಲ್ಲ. ಆದರೆ ಹೊಳಲಿನಲ್ಲಿ ಇಳಿಯುವಷ್ಟರಲ್ಲಿ ಅವರು ನನ್ನ ಬಾಯಲ್ಲಿ ‘ಅವನು’ ಆಗಿದ್ದ.

ಅವನ ಮಾತಿನಲ್ಲಿ ಒಂದು ಮಾತು ನನಗೆ ಬೇಕಾದದ್ದಿತ್ತು. ನುಡಿಸಿ ತೋರ್ಸು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕುತ್ತಿದ್ದೆ. ಅಂಗಿಯ ಕಾಲರು ತಿರುಗಿಸುವಾಗ, ದಾರ ಕತ್ತರಿಸುವಾಗ, ಅವನ ಮುಖ ಕಣ್ಣ ಮುಂದೆ ಇರುತ್ತಿತ್ತು. ನನ್ನ ಹಳೇ ಗಿಟಾರಿಗೆ ಕ್ಯಾಪೊ ಹಾಕಿ ನೋಡಿದೆ. ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು ಅದು. ಎರಡನೇ ಫ್ರೆಟ್ಟಿನಲ್ಲಿ ಕಚ್ಚಿಸಿದರೆ ರಾಗ ಅಲ್ಲಿಂದಲೇ ಶುರುವಾಗುತ್ತದೆ, ಕೈಯೂ ಮುಟ್ಟುತ್ತದೆ. ಆದರೆ ಸ್ವರ ಮೇಲೇರಿ ಏಟಿನ ಭಾರವೇ ಹೋಯಿತು. ಕ್ಲಿಪ್ಪು ಹಾಕ್ಕೊಂಡು ನುಡಿಸಿದಳು ಎಂದು ಅವನು ನಗುವುದೂ ಕಿವಿಗೆ ಕೇಳಿಸಿತು. ಕೈ ಕತ್ತಿನ ತುದಿಗೆ ಹೋಗುವುದಿಲ್ಲವಾದರೆ, ಕತ್ತಿನ ತುದಿಯೇ ನನ್ನ ಕಡೆ ಬರಬೇಕು.

ಮಂಡ್ಯದಲ್ಲಿ ವಾದ್ಯಗಳ ಅಂಗಡಿಯವರಿಗೆ ಹಾಗೆಯೇ ಹೇಳಿದೆ. ಅವರು ಮೊದಲು ಮಕ್ಕಳ ಗಿಟಾರು ಇಳಿಸಿದರು. ಕೈ ಮುಟ್ಟಿತು, ದನಿ ಮಾತ್ರ ಬಿಸ್ಕತ್ತಿನ ಡಬ್ಬದ್ದು. “ಚಿಕ್ಕದು ಬೇಡ, ದನಿ ದೊಡ್ಡದೇ ಬೇಕು” ಎಂದೆ. ಅವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು.

“ನೀವು ಕೇಳ್ತಿರೋದು ಹನ್ನೆರಡು ಫ್ರೆಟ್ಟಿಂದು ಮೇಡಂ. ಈಗ ಬರೋವೆಲ್ಲ ಹದಿನಾಲ್ಕನೇ ಫ್ರೆಟ್ ಹತ್ರ ಹೊಟ್ಟೆಗೆ ಸೇರ್ತವೆ. ಹಳೇ ಕಾಲದವು ಹನ್ನೆರಡಕ್ಕೇ ಸೇರ್ತಿದ್ವು. ತಂತಿ ಉದ್ದ ಅಷ್ಟೇ ಇರ್ತದೆ, ಕತ್ತು ಗಿಡ್ಡ. ತಲೆ ನಿಮ್ ಕಡೆ ಬತ್ತದೆ.”

“ಎಷ್ಟು ಬತ್ತದೆ?”

ಅವರು ಎರಡು ಬೆರಳು ಜೋಡಿಸಿ ತೋರಿಸಿದರು. ನನ್ನ ಕೈಗೆ ಸಾಲದೆ ಹೋಗಿದ್ದದ್ದೂ ಅಷ್ಟೇ.

ಅವರ ಅಂಗಡಿಯಲ್ಲಿ ಅಂಥದ್ದು ಇರಲಿಲ್ಲ. ಮಳವಳ್ಳಿಯಲ್ಲಿ ರಿಟೈರಾದ ನರ್ಸಮ್ಮನೊಬ್ಬರ ಮನೆಯಲ್ಲಿ ಎರಡಿವೆ, ಗಂಡ ತೀರಿಕೊಂಡ ಮೇಲೆ ನುಡಿಸುವವರಿಲ್ಲ, ಕೊಡುತ್ತೇನೆ ಅಂತಿದ್ದರು ಎಂದು ವಿಳಾಸ ಬರೆದುಕೊಟ್ಟರು.

ಅಪ್ಪನನ್ನು ಕರೆದುಕೊಂಡು ಹೋದೆ. ನರ್ಸಮ್ಮ ಗಿಟಾರು ತೋರಿಸುವ ಮೊದಲು ನನ್ನ ಮೊಣಕೈ ಹಿಡಿದು ಮಡಿಸಿ ಬಿಡಿಸಿ ನೋಡಿದರು. “ಇಷ್ಟೇ ಬರೋದು. ಇನ್ನು ಎಳೀಬೇಡ, ನೋವು ಮಾಡ್ಕೋತೀಯ.” ಆಮೇಲೆ ಮಂಚದ ಮೇಲೆ ಎರಡನ್ನೂ ಮಲಗಿಸಿದರು.

ಎರಡೂ ಹನ್ನೆರಡು ಫ್ರೆಟ್ಟಿನವೇ. ಒಂದಕ್ಕೆ ಬಿಳಿ ಮರದ ಮುಖ, ಕನ್ನಡಿಯಂಥ ಪಾಲಿಶು. ಕತ್ತಿನ ಪಕ್ಕ ಹೊಟ್ಟೆಯನ್ನು ಒಂದು ಕಡೆ ಕೊರೆದು, ಬೆರಳು ಮೇಲಿನ ಫ್ರೆಟ್ಟುಗಳಿಗೆ ಹೋಗಲು ದಾರಿ ಮಾಡಿದ್ದರು. ಇನ್ನೊಂದು ಪೂರಾ ಕಂದು, ಪಾಲಿಶು ಮಾಸಿದ್ದು, ತಲೆಯಲ್ಲಿ ಉದ್ದಕ್ಕೆ ಎರಡು ಕಿಂಡಿ. ಅದಕ್ಕೆ ಕೊರೆದ ದಾರಿ ಇರಲಿಲ್ಲ. ಹನ್ನೆರಡು ದಾಟಿದರೆ ಕೈಗೆ ಹೊಟ್ಟೆಯೇ ಅಡ್ಡ.

ಬಿಳಿಯದನ್ನು ಮೊದಲು ಎತ್ತಿಕೊಂಡೆ. ಮೊದಲನೇ ಫ್ರೆಟ್ಟಿಗೆ ಬೆರಳು ಹೋಗಿ ಕೂತಿತು. ಮೇಲಿನ ಸ್ವರಗಳೂ ಸಿಕ್ಕಿದವು. ನನ್ನ ರಾಗದ ತುದಿ ಇದ್ದದ್ದು ಹದಿನಾಲ್ಕನೇ ಫ್ರೆಟ್ಟಿನಲ್ಲಿ, ಅದೂ ಬಂತು. ಆದರೆ ಹೊಟ್ಟೆಯ ಮೇಲೆ ಏಟು ಹೊಡೆದರೆ ಸ್ಟೀಲ್ ತಟ್ಟೆಯ ಸದ್ದು. ಕಂದು ಗಿಟಾರನ್ನು ಎತ್ತಿಕೊಂಡು ಹೊಡೆದೆ. ಸದ್ದು ಎದೆಗೆ ಬಂದು ತಾಗಿತು.

ಅಪ್ಪ ಬಾಗಿಲ ಹತ್ತಿರದಿಂದ ಎದ್ದು ಬಂದರು. ಬೆರಳ ಗೆಣ್ಣಿನಿಂದ ಎರಡನ್ನೂ ಅಲ್ಲಲ್ಲಿ ತಟ್ಟಿದರು. “ಇದು ಮಾತಾಡ್ತದೆ ಕಣ್ಮಗ. ಅದು ಬರೀ ಕಿರುಚ್ಕತದೆ.”

“ಇದ್ರಲ್ಲಿ ಮೇಲಿನ ಸ್ವರ ಬರಲ್ಲ ಕಣಪ್ಪ. ತುದೀನೆ ಬುಡ್ಬೇಕಾಯ್ತದೆ.”

ಕಂದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆ ತುದಿ ಕಟ್ಟಲು ನಾನು ಒಂದು ಮಳೆಗಾಲ ಪೂರ್ತಿ ಒದ್ದಾಡಿದ್ದೆ. ಆದರೆ ಈಗ ಅದು ಕಿವಿಗೆ ಬಿದ್ದರೆ ಅವನ ವಿಡಿಯೊ ಮಾತ್ರ ಕಾಣುತ್ತಿತ್ತು. ಕಲ್ಯಾಣ ಮಂಟಪ ಕಲ್ಯಾಣ ಮಂಟಪ ತಿರುಗಿ ಅವನು ಅದನ್ನು ಎಂಜಲು ಮಾಡಿದ್ದ. ಅದು ಅವನಿಗೇ ಇರಲಿ ಅನ್ನಿಸಿತು.

“ಯಾಕೆ ಬೇಕಮ್ಮ ನಿನಗೆ ಗಿಟಾರು?” ನರ್ಸಮ್ಮ ಕೇಳಿದರು. “ಸುಮ್ನೆ ಖುಷಿಗಾ?”

“ಅಲ್ಲಮ್ಮ. ಒಬ್ಬನ ಮಕ ನೆಲ ನೋಡ್ಬೇಕು, ಅದಕ್ಕೆ.”

ಅಪ್ಪ ನನ್ನ ಕಡೆ ತಿರುಗಿದರು. ನರ್ಸಮ್ಮ ಜೋರಾಗಿ ನಕ್ಕು, “ಹಂಗಾದ್ರೆ ಕಂದು ಬಣ್ಣದ್ದೇ ತಗೊಂಡೋಗು. ನಮ್ಮೆಜಮಾನ್ರು ನನ್ನ ಮೇಲೆ ಸಿಟ್ಟು ಬಂದಾಗ ಅದನ್ನೇ ಬಾರಿಸ್ತಿದ್ದದ್ದು” ಎಂದರು.

ಹತ್ತು ತಿಂಗಳು ಅಭ್ಯಾಸ ಮಾಡಿದೆ. ಕೆಲಸದಿಂದ ಬಂದು ಕೈಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಕೂರುತ್ತಿದ್ದೆ. ಮೊದಮೊದಲು ಗಿಟಾರಿನ ಅಗಲವಾದ ಕತ್ತು ಬೆರಳಿಗೆ ಒಗ್ಗಲಿಲ್ಲ. ಕಳೆದುಹೋದ ತುದಿಯ ಜಾಗಕ್ಕೆ ಹೊಸದನ್ನು ದಪ್ಪ ತಂತಿಗಳಲ್ಲಿ ಕಟ್ಟಿದೆ. ಮೇಲಕ್ಕೆ ಹಾರುವ ಬದಲು ರಾಗ ಕೆಳಕೆಳಗೆ ಇಳಿದು, ಬರೀ ಏಟು ಉಳಿದು ನಿಲ್ಲುತ್ತಿತ್ತು. ಮೊದಲಿನದಕ್ಕಿಂತ ಅದೇ ವಾಸಿ ಅನ್ನಿಸಿತು.

ಆಮೇಲೆ ಅವನಿಗೆ ಫೋನು ಮಾಡಿದೆ. ಮದ್ದೂರು ಕ್ಲಾಸಿನ ವಾರ್ಷಿಕೋತ್ಸವ ಇದೆಯೆಂದು ಗೆಳತಿ ಹೇಳಿದ್ದಳು. ಅವಳ ಮಗಳು ಅಲ್ಲಿ ಕಲಿಯುತ್ತಿದ್ದಳು.

“ಸರ್, ನಾನೂ ಬಂದು ಒಂದು ನುಡಿಸ್ಲಾ?”

“ಕೈ?”

“ಹಂಗೇ ಐತೆ ಸರ್.”

“ಬಾಮ್ಮ, ಬಾ. ಜನಕ್ಕೂ ಒಂಥರಾ ಸ್ಫೂರ್ತಿ.”

ಭಾನುವಾರ ಮಧ್ಯಾಹ್ನ. ಕಲ್ಯಾಣ ಮಂಟಪ ತುಂಬಿತ್ತು. ಮಕ್ಕಳ ತಂದೆತಾಯಿ, ಅವನಿಗೆ ಮದುವೆಗಳ ಆರ್ಡರು ಕೊಡಿಸುವವರು, ಅವನ ಸಂಗೀತದಲ್ಲಿ ಮದುವೆಯಾದ ಎರಡು ಮೂರು ಜೋಡಿ ಕೂಡ. ಅವನು ಮೊದಲು ‘ಸ್ವಂತ ರಚನೆ’ ನುಡಿಸಿದ, ಮಷೀನಿನ ಏಟು ಹಾಕಿಕೊಂಡು. ಚಪ್ಪಾಳೆ ಬಿತ್ತು. ಆಮೇಲೆ ನನ್ನನ್ನು ಕರೆದು ಮೈಕಿನಲ್ಲಿ ಹೇಳಿದ: “ಅಪಘಾತದಲ್ಲಿ ಕೈ ಊನ ಆಗಿದ್ರೂ ಛಲ ಬಿಡದ ನಮ್ಮ ಹುಡುಗಿ. ತಪ್ಪು ಒಪ್ಪು ನೋಡ್ದೆ ಆಶೀರ್ವಾದ ಮಾಡ್ಬೇಕು.”

ನಾನು ಕೂತು ಅದೇ ರಾಗ ಶುರು ಮಾಡಿದೆ.

ಮೂರನೇ ಸಾಲಿನಲ್ಲಿದ್ದ ಅಪ್ಪನ ಬೆರಳು ಕುರ್ಚಿಯ ಕೈ ಮೇಲೆ ಆಡತೊಡಗಿತು. ಮಂಟಪದಲ್ಲಿ ಮಾತು ನಿಂತಿತು. ಮಷೀನು ಇಲ್ಲದೆ ಏಟು ಎಲ್ಲಿಂದ ಬರುತ್ತಿದೆ ಎಂದು ಮುಂದಿದ್ದವರು ಕತ್ತು ಚಾಚಿ ನೋಡಿದರು. ಮುಗಿಸಿದಾಗ ಅವನು ಪಕ್ಕದಲ್ಲಿ ನಿಂತು ನಗುವ ಪ್ರಯತ್ನ ಮಾಡುತ್ತಿದ್ದ. “ಚೆನ್ನಾಗಿತ್ತು. ಆದ್ರೆ ಹೈ ಪಾರ್ಟ್ ಬಿಟ್ಬಿಟ್ಟೆ ನೀನು.”

“ಅದು ನಿಮಗೇ ಇರ್ಲಿ ಸರ್,” ಎಂದೆ ಮೈಕಿನಲ್ಲೇ. “ಮಷೀನ್ ಆರಿಸ್ಬುಟ್ಟು ನೀವೂ ಒಂದ್ಸಲ ನುಡ್ಸಿ. ಇದೇ ಗಿಟಾರ್ ತಗೊಳ್ಳಿ.”

ಅವನು ಕೈಗಡಿಯಾರ ನೋಡಿಕೊಂಡ. “ಟೈಮಿಲ್ಲಮ್ಮ, ಇನ್ನೂ ಮಕ್ಳು ಅವ್ರೆ.” ಯಾರೋ ಹಿಂದಿನಿಂದ “ನುಡ್ಸಿ ಸಾರ್!” ಎಂದು ಕೂಗಿದರು. ನಗು ಎದ್ದಿತು. ಅವನ ಕಿವಿ ಕೆಂಪಾಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ.

“ಈ ಏಟು ನಮ್ಮಪ್ಪಂದು. ಅಗೋ, ಅಲ್ಲಿ ಕೂತವ್ರೆ. ಹೆಣ ಮಣ್ ಮಾಡಿ ಬರುವಾಗ ಬಡಿಯೋ ಏಟಿದು. ಸರ್ ಇದನ್ನ ನಿಮ್ ಮದುವೆಗಳಲ್ಲಿ ನುಡಿಸ್ತಾವ್ರೆ.”

ಮಂಟಪ ಗುಸುಗುಸು ಎಂದಿತು. ಮುಂದಿನ ಸಾಲಿನ ಹೆಂಗಸೊಬ್ಬರು ಎದ್ದು ನಿಂತು, “ನಿಜವೇನವ್ವ? ನನ್ ಮಗಳ ಮದ್ವೇಲಿ ಇದನ್ನೇ ಬಾರ್ಸಿದ್ರಲ್ಲ!” ಎಂದರು. ಅವರ ಪಕ್ಕದಲ್ಲಿ ಮಗಳಿದ್ದಳು, ಮುಖ ಬಿಳಿಚಿಕೊಂಡಿತ್ತು. ಮಾರಿಯ ಮೆರವಣಿಗೆಗೂ ಇದೇ ಏಟು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಆ ಹುಡುಗಿ ನೆಮ್ಮದಿಯ ಉಸಿರು ಬಿಡುತ್ತಿದ್ದಳು. ಅವನೂ ಬಿಡುತ್ತಿದ್ದ.

“ನಿಜ ಕಣಮ್ಮ,” ಎಂದೆ.

ಎರಡೇ ತಿಂಗಳಲ್ಲಿ ಅವನ ಮದುವೆ ಆರ್ಡರುಗಳು ನಿಂತವು. ವಿಡಿಯೊದ ಕೆಳಗೆ ಜನ ಉಗಿದು ಬರೆದರು. ಒಂದು ಸಂಜೆ ಅವನ ಫೋನು ಬಂತು.

“ಅದು ಅಪಶಕುನದ್ದಲ್ಲ ಅಂತ ಒಂದ್ಮಾತು ಹೇಳಮ್ಮ. ನಿಂಗೆ ಕೈ ಮುಗೀತೀನಿ.”

“ನಿಮ್ ಹೆಸರಿರೋ ಜಾಗದಲ್ಲಿ ನಮ್ಮಪ್ಪನ ಹೆಸರು ಹಾಕಿ ಸರ್. ಆಮೇಲೆ ಮಾತಾಡಾಣ.”

ಅವನು ಹೆಸರು ಹಾಕಲಿಲ್ಲ. ವಿಡಿಯೊವನ್ನೇ ಅಳಿಸಿದ. ಮದ್ದೂರಿನ ಕ್ಲಾಸು ಮುಚ್ಚಿತು. ಸುದ್ದಿ ಕೇಳಿದ ದಿನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅಯ್ಯೋ ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ.

ಕಷ್ಟವಾಗಿರುವುದು ಅಪ್ಪನ ವಿಷಯ. ಮದ್ದೂರಿನಿಂದ ಬರುವಾಗ ಬಸ್ಸಿನಲ್ಲಿ ಅವರು ಬೆರಳು ಮಡಿಸಿಕೊಂಡೇ ಕೂತಿದ್ದರು. ಮನೆಯಲ್ಲಿ ಕಾಲು ತೊಳೆದುಕೊಂಡು ಜಗಲಿಯಲ್ಲಿ ಕೂತು ಹೇಳಿದರು: “ನಮ್ ಏಟು ಮೈಲಿಗೆ ಅಂತ ಊರೋರು ಅಂತಿದ್ರು. ಅದಕ್ಕೇ ತಮಟೆ ಕೆಳಗಿಟ್ಟೋ. ಇವತ್ತು ನೀನೇ ಮೈಕ್ ಹಿಡ್ಕಂಡು ಅದೇ ಅಂದ್ಬುಟ್ಟಲ್ಲ ಮಗ.”

ಅದು ಮಾರಿಯ ಮುಂದೆ ಕುಣಿಯುವ ಏಟೂ ಹೌದು ಎಂದು ಎಲ್ಲರೆದುರು ಹೇಳಿದರೆ ಅಪ್ಪನ ಮನಸ್ಸು ತಣ್ಣಗಾಗುತ್ತದೆ, ನನಗೆ ಗೊತ್ತು. ಹೇಳಬೇಕು ಎಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ರೆಕಾರ್ಡ್ ಮಾಡಲು ಕೂತಿದ್ದೇನೆ. ಅಷ್ಟರಲ್ಲಿ, ಇದು ಅವನ ಕಿವಿಗೆ ಬಿದ್ದರೆ ಮತ್ತೆ ಮದುವೆ ಮದುವೆ ತಿರುಗಿ ಬಾರಿಸುತ್ತಾನಲ್ಲ ಎಂಬ ಯೋಚನೆ ಬರುತ್ತದೆ. ಫೋನು ಕೆಳಗಿಡುತ್ತೇನೆ.