ಅಂಜಲ್ ಕೊಯ್ಯುವ ದೃಶ್ಯ

“ಇವಳಿಗೆ ಪ್ರಶಸ್ತಿ ಎಂತಕ್ಕೆ ಮಾರಾಯ? ಮೀನು ಕೊಯ್ಯುವ ಕೈಯಾ ಅದು? ಬರೀ ನಾಟಕ.”

ಕಾಪುವಿನ ಮೀನು ಮಾರುಕಟ್ಟೆಯಲ್ಲಿ ನಿಂತು, ಈ ವರ್ಷದ ಶ್ರೇಷ್ಠ ನಟಿ ಪ್ರಶಸ್ತಿಯ ಬಗ್ಗೆ ಗೆಳೆಯನೊಡನೆ ಜೋರಾಗಿ ವಾದಿಸುತ್ತಿದ್ದೆ. ಸಿನಿಮಾದಲ್ಲಿ ಆ ನಟಿಯದು ಮೀನು ಮಾರುವವಳ ಪಾತ್ರ. ನನಗೆ ಅಂಜಲ್ ಮೀನು ಕೊಯ್ದುಕೊಡುತ್ತಿದ್ದ ಜಲಜಕ್ಕ ತಲೆ ಎತ್ತದೆ ಹೇಳಿದರು: “ಆ ಕೈ ನನ್ನದು ಅಣ್ಣ. ಅವರಿಗೆ ಕತ್ತಿ ಹಿಡಿಯಲಿಕ್ಕೆ ಹೆದರಿಕೆ. ಹಾಗೆ ನನ್ನ ಕೈ ಮಾತ್ರ ಶೂಟಿಂಗ್ ಮಾಡಿದ್ದು.”

ಎಂದಿನಂತೆ ಸಾರಿಗೆಂದು ಮೀನಿನ ತಲೆಯನ್ನು ಬೇರೆಯೇ ಕಟ್ಟಿಕೊಟ್ಟರು. ತೆಗೆದುಕೊಳ್ಳುವಾಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಹತ್ತು ವರ್ಷಗಳಿಂದ ಪ್ರತಿ ಭಾನುವಾರ ಅವರೆದುರು ನಿಂತಿದ್ದೇನೆ. ಆ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.