ಸಿನಿಮಾ ನೋಡಿ ಸ್ಪೀಕರ್ ಬಗ್ಗೆ ಬರೆದವಳು

ಪತ್ರಿಕೆಯ ಕಚೇರಿಗೆ ಅವಳು ಸೇರಿದ್ದು ಕರಡು ತಿದ್ದುವ ಕೆಲಸಕ್ಕೆ. ಅಲ್ಪವಿರಾಮ, ಒತ್ತಕ್ಷರಗಳ ನಡುವೆ ತನ್ನ ಪಾಡಿಗೆ ತಾನು ಹಾಯಾಗಿದ್ದಳು. ಒಂದು ಶುಕ್ರವಾರ ಸಿನಿಮಾ ವರದಿಗಾರನಿಗೆ ಬೆನ್ನು ಹಿಡಿದುಕೊಂಡಿತು. ಬೇರೆ ಯಾರಿಗೂ ಬಿಡುವಿಲ್ಲ. ಸಂಪಾದಕರು ಕೊಠಡಿಯಿಂದ ತಲೆ ಹೊರಹಾಕಿ, ಮೊದಲು ಕಣ್ಣಿಗೆ ಬಿದ್ದ ಅವಳ ಕೈಗೇ ಟಿಕೆಟ್ ತುರುಕಿದರು.

"ಹೋಗಿ ನೋಡ್ಕೊಂಡು ಬಾಮ್ಮ. ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಬರಿ, ಇಲ್ದಿದ್ರೆ ಇಲ್ಲ ಅಂತ ಬರಿ. ಅಷ್ಟೇ."

ಅವಳು ಅಷ್ಟಕ್ಕೇ ಬಿಡಲಿಲ್ಲ. ಚಿತ್ರಮಂದಿರದ ಎಡಗಡೆಯ ಸ್ಪೀಕರ್ ಇಡೀ ಆಟ ಗೊರಗೊರ ಎನ್ನುತ್ತಿತ್ತು. ಕೊನೆಯ ದೃಶ್ಯದಲ್ಲಿ ಅತ್ತಿದ್ದು ನಾಯಕಿಯೋ ಸ್ಪೀಕರೋ ತಿಳಿಯಲಿಲ್ಲ ಎಂದು ಬರೆದುಕೊಟ್ಟಳು. ಸಂಪಾದಕರು ಓದಿ ಕನ್ನಡಕ ತೆಗೆದರು.

"ನೀನು ನೋಡಿದ್ದು ಸಿನಿಮಾನೋ, ಮಷೀನೋ?"

"ಎರಡೂ ಸರ್. ಟಿಕೆಟ್ ತಗೊಂಡೋರು ಎರಡನ್ನೂ ಸಹಿಸ್ಕೋಬೇಕಲ್ಲ?"

ಬೈಗುಳಕ್ಕೆ ಕಾದು ನಿಂತವಳಿಗೆ ಸಿಕ್ಕಿದ್ದು ವಾರಕ್ಕೊಂದು ಪುಟ. ಅರ್ಧ ಸಿನಿಮಾ, ಅರ್ಧ ಹೊಸ ಯಂತ್ರಗಳು. ಸಹೋದ್ಯೋಗಿಗಳು ಅವಳಿಗೆ 'ಸ್ಪೀಕರಮ್ಮ' ಎಂದು ಹೆಸರಿಟ್ಟರು. ಆ ಹೆಸರೇ ನಿಂತುಹೋಯಿತು.

ಮನೆ ತುಂಬ ಫೋನು, ಹೆಡ್‌ಫೋನು, ವೈರುಗಳು ಬಂದು ಬೀಳತೊಡಗಿದವು. ಗಂಡ ಬೆಳಿಗ್ಗೆ ಎದ್ದು, ಈ ರಾಶಿಯಲ್ಲಿ ನನ್ನ ಫೋನ್ ಯಾವುದು ಎಂದು ತಡಕಾಡುತ್ತಿದ್ದ. ಪರೀಕ್ಷೆಗೆ ಬಂದದ್ದೆಲ್ಲ ಮೊದಲು ಅತ್ತೆಯ ಕೈಗೆ. ಬರೆದದ್ದೂ ಮೊದಲು ಅತ್ತೆಯ ಕಿವಿಗೆ.

"ಬಳಕೆದಾರಸ್ನೇಹಿ ಅಂದ್ರೇನಮ್ಮ?" ಎಂದು ಅತ್ತೆ ಒಮ್ಮೆ ಕೇಳಿದರು. "ನನ್ ಹತ್ರ ಅಂತೂ ಇದು ಯಾವ ಸ್ನೇಹಾನೂ ತೋರಿಸ್ತಿಲ್ಲ."

ಆ ಪದವನ್ನು ಅವಳು ಮತ್ತೆಂದೂ ಬರೆಯಲಿಲ್ಲ.

ಒಂದು ದಿನ ಹಿರಿಯ ಹಾಸ್ಯನಟರೊಬ್ಬರು ಸಂದರ್ಶನಕ್ಕೆ ಒಪ್ಪಿದರು. ಯಾರಿಗೂ ಸುಲಭವಾಗಿ ಸಿಗದ ಮನುಷ್ಯ. ಹಿಂದಿನ ವಾರವಷ್ಟೇ ತಾನೇ ಬಾಯ್ತುಂಬ ಹೊಗಳಿ ಬರೆದಿದ್ದ ಪುಟ್ಟ ರೆಕಾರ್ಡರನ್ನು ಅವರ ಮುಂದಿಟ್ಟಳು. ಅವರು ಮನಬಿಚ್ಚಿ ಮಾತಾಡಿದರು. ಮುಗಿದ ಮೇಲೆ ಒತ್ತಿ ನೋಡಿದರೆ ಒಂದಕ್ಷರವೂ ದಾಖಲಾಗಿಲ್ಲ. ನೆನಪಿದ್ದಷ್ಟು ಬರೆದು ಹೇಗೋ ಸಂಭಾಳಿಸಬಹುದಿತ್ತು. ಆದರೆ ಬಾಯಿ ತಡೆಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಅವರು ರೆಕಾರ್ಡರನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಯ್ಯೋ, ನಿಮ್ ಪುಟ ಓದೇ ನಾನೂ ಇದನ್ನೇ ತರಿಸ್ಕೊಂಡೆನಲ್ಲಮ್ಮಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇನ್ನೊಂದು ಲೋಟ ಚಹಾ ತರಿಸಿ, "ಬರ್ಕೊಳ್ಳಿ, ಮೊದಲಿಂದ ಹೇಳ್ತೀನಿ" ಎಂದರು.

ಕೈಬರಹ ನಿಧಾನ. ಅವಳ ಪೆನ್ನಿಗಾಗಿ ಅವರು ನಡುನಡುವೆ ಸುಮ್ಮನಾಗಬೇಕಾಯಿತು. ಆ ಸುಮ್ಮನಾದ ಹೊತ್ತಿನಲ್ಲಿ, ಮೊದಲ ಸಲ ಹೇಳದೇ ಇದ್ದದ್ದೊಂದು ಹೊರಬಂತು. ಹಳೆಯ ಚಿತ್ರವೊಂದಕ್ಕೆ ಅವರು ಧ್ವನಿ ಕೊಡುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಹೆಂಡತಿ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟಿದ್ದರಂತೆ. ಯಾರೂ ಗಮನಿಸದೆ ಆ ನಗು ಚಿತ್ರದಲ್ಲೇ ಉಳಿದುಹೋಯಿತು.

"ಅವಳು ಹೋದ್ಮೇಲೆ ಆ ಒಂದು ನಗುಗೋಸ್ಕರ ಇಡೀ ಸಿನಿಮಾ ಹಾಕ್ಕೋತೀನಿ. ನಾನು ಅದರಲ್ಲಿ ಕೆಟ್ಟದಾಗೇ ನಟಿಸಿದ್ದೀನಿ ಬಿಡಿ."

ಆ ಲೇಖನ ಅವಳನ್ನು ಊರಿಗೆಲ್ಲ ಪರಿಚಯಿಸಿತು. ಅದೇ ಪುಟದ ಕೆಳಭಾಗದಲ್ಲಿ, ರೆಕಾರ್ಡರಿನ ಬಗ್ಗೆ ಆಡಿದ ಹೊಗಳಿಕೆಯನ್ನು ವಾಪಸ್ ಪಡೆದಿದ್ದಳು. ಮಾರಾಟಗಾರ ಕೆಂಡಾಮಂಡಲವಾಗಿ ಸಂಪಾದಕರಿಗೆ ಫೋನ್ ಮಾಡಿದ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಅವಳು ಹೊಗಳಿದಾಗ ನೀವು ಫೋನೇ ಮಾಡಿರ್ಲಿಲ್ವಲ್ಲ?" ಎಂದವರೇ ಸಂಪಾದಕರು ಫೋನ್ ಇಟ್ಟುಬಿಟ್ಟರು. ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅಂದು ಬಸ್ಸಿನಲ್ಲಿ ನಿಂತೇ ಮನೆಗೆ ಬಂದರೂ ಅವಳಿಗೆ ಕಾಲು ನೋಯಲಿಲ್ಲ.

ವರ್ಷಗಳು ಕಳೆದವು. ಸಂಪಾದಕರು ನಿವೃತ್ತರಾದರು, ಪತ್ರಿಕೆ ತೆಳ್ಳಗಾಯಿತು, ಒಂದು ಸೋಮವಾರ ಅವಳ ಪುಟವೂ ನಿಂತಿತು, ಕೆಲಸವೂ ಹೋಯಿತು. ಲೋಟ, ಚಪ್ಪಲಿ, ಮೇಜಿನ ಮೇಲಿನ ಪುಟ್ಟ ಗಿಡವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ಮನೆಗೆ ಬಂದು ಮುಖ ಊದಿಸಿಕೊಂಡು ಕೂತಳು.

"ಪುಟ ನಿಂತ್ರೆ ನಿನ್ ಬಾಯೂ ನಿಂತ್ಹೋಗುತ್ತಾ?" ಅತ್ತೆ ಕೇಳಿದರು. "ದಿನಾ ನನಗೆ ಓದಿ ಹೇಳ್ತಿದ್ದೆಯಲ್ಲ, ಅದನ್ನೇ ಎಲ್ರಿಗೂ ಹೇಳು."

ಮಲಗುವ ಕೋಣೆಯಲ್ಲಿ, ಸದ್ದು ಗೋಡೆಗೆ ಬಡಿದು ಮರಳದಂತೆ ಸುತ್ತ ರಜಾಯಿಗಳನ್ನು ಇಳಿಬಿಟ್ಟು, ಅತ್ತೆ ಸೊಸೆ ಮೈಕಿನ ಮುಂದೆ ಕೂತರು. ಆಡಿದ ಮಾತನ್ನು ದಾಖಲಿಸಿ ಕಂತು ಕಂತಾಗಿ ಅಂತರ್ಜಾಲಕ್ಕೆ ಹಾಕತೊಡಗಿದರು. ಹೊಸ ಸಿನಿಮಾ, ಹೊಸ ಫೋನು, ನಡುವೆ ಇಬ್ಬರ ಜಟಾಪಟಿ. ಮೊದಮೊದಲು ಕೇಳಿದವರು ನೆಂಟರು ಮಾತ್ರ, ಅದೂ ದಾಕ್ಷಿಣ್ಯಕ್ಕೆ. ಟೀವಿ ರಿಮೋಟಿನ ಬಗ್ಗೆ ಇಬ್ಬರೂ ನಿಜವಾಗಿಯೇ ಜಗಳವಾಡಿದ ಕಂತು ಮಾತ್ರ ಮನೆಮನೆಗೂ ಮುಟ್ಟಿತು. ಈಗ ಪತ್ರಿಕೆಗಿದ್ದ ಓದುಗರಿಗಿಂತ ಇದಕ್ಕೆ ಕೇಳುಗರೇ ಹೆಚ್ಚು. ಅವರಲ್ಲಿ ಅರ್ಧಕ್ಕರ್ಧ ಮಂದಿ ಅತ್ತೆಯ ಪಕ್ಷ.

ಮೊನ್ನೆ ಮಧ್ಯಾಹ್ನ ರೆಕಾರ್ಡಿಂಗ್ ಗುಂಡಿ ಒತ್ತುವ ಮುನ್ನ ಅವಳು ಪಕ್ಕಕ್ಕೆ ತಿರುಗಿದಳು. ಅತ್ತೆ ರಜಾಯಿಗಳ ನಡುವೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಅತ್ತೆ, ನೀವಿಲ್ದಿದ್ರೆ ನಾನು..."

"ಅದನ್ನೆಲ್ಲ ಆಮೇಲೆ ಹೇಳುವೆಯಂತೆ," ಅತ್ತೆ ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬೇಗ ಶುರು ಮಾಡು, ಬೆಂದು ಹೋಗ್ತಿದ್ದೀನಿ."