ಗೆರೆಯೊಳಗಿನ ಕ್ಯಾಮೆರಾ

ಪುಟ್ಟಕ್ಕಾ, ಗುಂಡಣ್ಣಾ, ಇದು ನಿಮ್ಮಿಬ್ಬರಿಗೆ. ಗುಜರಾತಿ ಬೋರ್ಡುಗಳನ್ನು ಓದುವಷ್ಟು ಸಲೀಸಾಗಿ ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂದು ಗೊತ್ತು. ಅದಕ್ಕೇ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ತಡವರಿಸಿದರೆ ಅಪ್ಪನನ್ನು ಕೇಳಿ. ಆದರೆ ಅವನು ನಡುನಡುವೆ ಬಿಟ್ಟು ಓದಿದರೆ ಒಪ್ಪಬೇಡಿ. ಅವನನ್ನು ಬೈದ ಜಾಗವೂ ಇದರಲ್ಲಿದೆ.

ನಿಮ್ಮ ಅಜ್ಜ ಕೇಂದ್ರ ಸರ್ಕಾರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ವರ್ಗವಾಗಿ ಅಹಮದಾಬಾದಿಗೆ ಬಂದ ಮೂರನೇ ವರ್ಷ ತೀರಿಕೊಂಡರು. ಅದೇ ಕಾಲೇಜಿನ ಲೈಬ್ರರಿಯಲ್ಲಿ ನನಗೆ ಅಟೆಂಡರ್ ಕೆಲಸ ಕೊಟ್ಟರು. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೇ ಇಯತ್ತೆಯವರೆಗೆ. ಜನರ ಮುಂದೆ ಮಾತಾಡಬೇಕೆಂದರೆ ನಾಲಿಗೆ ಒಣಗುತ್ತಿತ್ತು. ಹಾಗಾಗಿ ನೆಲಮಾಳಿಗೆಯಲ್ಲಿ ಹಳೆಯ ಪತ್ರಿಕೆಗಳ ಬೈಂಡು ಪುಸ್ತಕಗಳ ಧೂಳು ಒರೆಸಲು ಹಾಕಿದಾಗ ನನಗೆ ಸಮಾಧಾನವೇ ಆಯಿತು. ಬೈಂಡು ಪುಸ್ತಕಗಳು ಯಾರ ಕುಶಲವನ್ನೂ ವಿಚಾರಿಸುವುದಿಲ್ಲ. ಅಲ್ಲಿ ಹನ್ನೊಂದು ವರ್ಷ ಕಳೆದೆ.

ಆಮೇಲೆ ಮೇಲಿನ ಮಹಡಿಯಲ್ಲಿ ಮೀಡಿಯಾ ಕೋಣೆ ಬಂತು.

ಅದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಲೈಬ್ರರಿ ಎಂದರೆ ಪುಸ್ತಕ ಕೊಡುವ ಜಾಗ ಎಂದುಕೊಂಡಿದ್ದವಳು ನಾನು. ಇಲ್ಲಿ ಕ್ಯಾಮೆರಾ ಕೊಡುತ್ತಾರಂತೆ! ಮೂರು ಕಾಲಿನ ಸ್ಟ್ಯಾಂಡು, ಅಂಗಿಗೆ ಸಿಕ್ಕಿಸುವ ಮೈಕು, ಬೆಕ್ಕಿನ ಮರಿಯಂಥ ಜುಂಗು ಜುಂಗಿನ ಟೊಪ್ಪಿಗೆ ಹಾಕಿದ ಉದ್ದನೆಯ ಮೈಕು, ದೀಪಗಳು, ಗೋಡೆಯುದ್ದಕ್ಕೂ ಹಸಿರು ಬಟ್ಟೆ. ಸಿನಿಮಾ ಕತ್ತರಿಸಿ ಜೋಡಿಸಲು ಅಗಲವಾದ ಪರದೆಯ ಕಂಪ್ಯೂಟರುಗಳು. ಮೂಲೆಯಲ್ಲಿ ಧ್ವನಿ ಮುದ್ರಿಸುವ ಗಾಜಿನ ಬಾಗಿಲ ಪುಟ್ಟ ಕೋಣೆ, ಅದರ ಗೋಡೆಗೆಲ್ಲ ಸ್ಪಂಜು. ಒರೆಸುವ ನೆವದಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಂಥ ನಿಶ್ಶಬ್ದ! ನನ್ನ ಸೀರೆಯ ಸರಬರ ನನಗೇ ಜೋರಾಗಿ ಕೇಳಿತು.

ಹೊರಗೆ ಇಬ್ಬರು ವಿದ್ಯಾರ್ಥಿಗಳು ನಿಂತಿದ್ದರು. ಅವರ ಮಾತು ಗೋಡೆಗೆ ತೂಗುಹಾಕಿದ್ದ ಹೆಡ್‌ಫೋನಿನಿಂದ ಕೇಳಿತು. "ಮಾಸಿ, ಏನಾದರೂ ಮಾತಾಡಿ! ಮೈಕ್ ಟೆಸ್ಟ್ ಆಗಲಿ." ಇಲ್ಲಿನ ಮಕ್ಕಳಿಗೆ ನಾನು ಮಾಸಿ, ಎಂದರೆ ಚಿಕ್ಕಮ್ಮ. ಏನು ಮಾತಾಡಲಿ? ಗಾಬರಿಯಲ್ಲಿ ಬಾಯಿಗೆ ಬಂದದ್ದು ಶಾಲೆಯ ಮಗ್ಗಿ. "ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು..." ಪೂರ್ತಿ ಮುಗಿಸಿಯೇ ಹೊರಗೆ ಬಂದೆ. ಅವರು ಚಪ್ಪಾಳೆ ತಟ್ಟಿದರು. "ಅರೆ ವಾಹ್, ಮಾಸಿ ರ‍್ಯಾಪ್ ಹಾಡಿದರು!"

ಆ ದಿನದಿಂದ ನನಗೆ ಆ ಕೋಣೆಯ ಕೌಂಟರಿನಲ್ಲಿ ಕೂರಬೇಕೆಂಬ ಆಸೆ ಹತ್ತಿತು. ಯಾವುದಕ್ಕೂ ನಾನು ಅಷ್ಟು ಆಸೆಪಟ್ಟವಳಲ್ಲ. ಕೇಳಲು ಮಾತ್ರ ಧೈರ್ಯವಿಲ್ಲ. ಕೊನೆಗೆ, ಯಾರೂ ಸಿಗದ ಕಾರಣ, ಲೈಬ್ರರಿಯ ಮುಖ್ಯಸ್ಥೆ ಮೇಡಂ ಅವರೇ ಕರೆದರು. ಇಲ್ಲಿನ ದೊಡ್ಡವರಿಗೆಲ್ಲ ನಾನು ಬೆನ್, ಎಂದರೆ ಅಕ್ಕ.

"ಬೆನ್, ದೀಪಾವಳಿಯವರೆಗೆ ನೀವು ಕೂತು ನೋಡಿ. ಆದರೆ ಒಂದೇ ಒಂದು ಸಾಮಾನು ಕಳೆದರೂ ನೀವು ವಾಪಸ್ ನೆಲಮಾಳಿಗೆಗೆ. ಕೌಂಟರ್ ಹೊರಗಿನ ಏಜೆನ್ಸಿಗೆ ಕೊಡುತ್ತೇನೆ. ಒಪ್ಪಿಗೆಯೇ?"

ತಲೆಯಾಡಿಸಿದೆ. ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದರೆ ಅವನು ಹಣೆ ಚಚ್ಚಿಕೊಂಡ.

"ಅವ್ವಾ, ನಿನಗ್ಯಾಕ ಬೇಕು ಈ ಉಸಾಬರಿ? ಆ ಸಾಮಾನಿನ ಹೆಸರು ಓದಾಕ ಬರೂದಿಲ್ಲ ನಿನಗ. ಒಂದು ಕಳೀತಂದ್ರ ಏನ್ಮಾಡ್ತಿ?"

"ನೀ ಸಣ್ಣವಿದ್ದಾಗ ದಿನಾ ಒಂದು ಟಿಫಿನ್ ಮುಚ್ಚಳ ಕಳಕೊಂಡು ಬರ್ತಿದ್ದಿ. ನಿನ್ನ ಮನಿ ಬಿಟ್ಟು ಹಾಕಿದ್ನೇನು? ಸುಮ್ನ ಉಣ್ಣು, ಗೂಬಿ."

ಹಾಗೆಂದೆನಾದರೂ ಅವನ ಮಾತು ಸುಳ್ಳಾಗಿರಲಿಲ್ಲ. ಮಕ್ಕಳಿಗೆ ಎರವಲು ಕೊಡುವ ಒಂದೊಂದು ಚೀಲದಲ್ಲಿ, ಅಂದರೆ ಕಿಟ್ಟಿನಲ್ಲಿ, ಹದಿನೇಳು ಸಾಮಾನು. ಪಟ್ಟಿಯೆಲ್ಲ ಇಂಗ್ಲಿಷಿನಲ್ಲಿ. ಆಗ ನನ್ನ ಅವ್ವನ ನೆನಪಾಯಿತು. ನಮ್ಮೂರ ಮಠದ ಪಾತ್ರೆ ಕೋಣೆಯ ಕೀಲಿ ಅವಳ ಹತ್ತಿರ ಇರುತ್ತಿತ್ತು. ಮದುವೆಗಳಿಗೆ ಸೌಟು, ಜಾಲರಿ, ಕೊಳಗ ಒಯ್ಯುವರು. ಅವ್ವನಿಗೆ ಓದು ಬಾರದು. ಅವಳು ಗೋಡೆಯ ಮೇಲೆ ಪ್ರತಿಯೊಂದು ಪಾತ್ರೆಯ ಸುತ್ತ ಸುಣ್ಣದ ಗೆರೆ ಎಳೆದಿದ್ದಳು. ಮದುವೆ ಮುಗಿಸಿ ತೂಕಡಿಸುತ್ತ ಬಂದವರು ತಂದದ್ದನ್ನು ಗೆರೆಗೆ ಸರಿಯಾಗಿ ತೂಗುಹಾಕಬೇಕು. ಖಾಲಿ ಉಳಿದ ಗೆರೆಯೇ ಹೇಳುತ್ತಿತ್ತು, ಯಾವ ಸೌಟು ಇನ್ನೂ ಮದುವೆ ಮನೆಯಲ್ಲಿದೆ ಎಂದು.

ಹಳೆಯ ನೀಲಿ ಚಾದರವೊಂದನ್ನು ಕಾಲೇಜಿಗೆ ಒಯ್ದೆ. ಒಂದು ಕಿಟ್ಟಿನ ಸಾಮಾನುಗಳನ್ನು ಅದರ ಮೇಲೆ ಹರವಿ, ದರ್ಜಿಯ ಸೀಮೆಸುಣ್ಣದಿಂದ ಒಂದೊಂದರ ಸುತ್ತ ಗೆರೆ ಎಳೆದೆ. ಮನೆಗೆ ತಂದು ಆ ಗೆರೆಗಳ ಮೇಲೆ ಬಿಳಿ ದಾರದಲ್ಲಿ ಕೌದಿ ಹೊಲಿಗೆ ಹಾಕಿದೆ. ಎಲ್ಲಕ್ಕಿಂತ ಸಣ್ಣ ಗೆರೆ ಮೆಮರಿ ಕಾರ್ಡಿನದು. ಚಿತ್ರ, ಧ್ವನಿ ಎಲ್ಲವೂ ಉಳಿಯುವುದು ಉಗುರಿನಷ್ಟಗಲದ ಆ ಚಿಪ್ಪಿನಲ್ಲಿ ಎಂದು ತಿಳಿದಾಗ ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ್ದೆ.

ಚಾದರ ನೋಡಿ ಕೌಂಟರಿನ ಸಹಾಯಕ ನಕ್ಕಿದ್ದ. ಅವನು ಇಂಗ್ಲಿಷ್ ಪಟ್ಟಿಗೆ ಟಿಕ್ ಹಾಕುವವ. "ಬೆನ್, ಇದು ಲೈಬ್ರರಿ. ಪಿಕ್‌ನಿಕ್ ಅಲ್ಲ." ಮಕ್ಕಳಿಗೆ ಮಾತ್ರ ಅದೊಂದು ಆಟವಾಯಿತು. ತಾವೇ ಓಡಿ ಬಂದು ಗೆರೆಯೊಳಗೆ ಸಾಮಾನು ಕೂರಿಸುವರು. ಮೈಕು ಕೂತ ಮೇಲೆ ಅದರ ಪರೀಕ್ಷೆಗೆಂದು, "ಮಾಸಿ, ಈಗ ಹದಿಮೂರರದು!" ಎನ್ನುವರು. ದಿನವೂ ಮಗ್ಗಿ ಹೇಳಿ ಹೇಳಿ ನನ್ನ ನಾಲಿಗೆ ಒಣಗುವುದನ್ನೇ ಮರೆಯಿತು.

ದೀಪಾವಳಿ ರಜೆಗೆ ಮುಂಚಿನ ಕೊನೆಯ ದಿನ. ಒಂದು ಕಿಟ್ಟು ಬಾಕಿ ಇತ್ತು. ಅದನ್ನು ಒಯ್ದವಳು ಸೂರತ್ತಿನ ಹುಡುಗಿ. ಅವಳ ತಂದೆ ತಮ್ಮ ಹಳೆಯ ವಿದ್ಯುತ್ ಮಗ್ಗಗಳನ್ನು ಗುಜರಿಗೆ ಹಾಕುವವರಿದ್ದರು. ಅವು ಓಡುವ ಕೊನೆಯ ದಿನವನ್ನು ಚಿತ್ರೀಕರಿಸಲು ಹೋಗಿದ್ದಳು. ಜೊತೆಗೆ ಕ್ಯಾಮೆರಾ ಹಿಡಿಯಲು ವಡೋದರದ ಒಬ್ಬ ಸಹಪಾಠಿ. ಬರುವಾಗ ಅವನು ರಜೆಗೆಂದು ವಡೋದರದಲ್ಲೇ ಇಳಿದುಕೊಂಡಿದ್ದ. ಅವಳೊಬ್ಬಳೇ ಸ್ಟೇಷನ್ನಿನಿಂದ ಆಟೋ ಹಿಡಿದು, ಬಾಗಿಲು ಮುಚ್ಚಲು ಹತ್ತು ನಿಮಿಷವಿರುವಾಗ ಓಡಿ ಬಂದಳು. ಸಂಜೆಯ ರೈಲಿಗೆ ಸೂರತ್ತಿಗೆ ಹಿಂತಿರುಗಬೇಕಿತ್ತು.

ಚಾದರ ಹಾಸಿದೆ. ಹದಿನಾರು ಗೆರೆ ತುಂಬಿದವು. ಸಣ್ಣ ಗೆರೆ ಖಾಲಿ.

"ಕಾರ್ಡ್ ಎಲ್ಲಿದೆಯಮ್ಮಾ?"

"ಕ್ಯಾಮೆರಾದಲ್ಲೇ ಇದೆ ಮಾಸಿ, ಪ್ಲೀಸ್, ರೈಲು!"

"ಇರುತ್ತೆ ಬೆನ್, ಯಾವಾಗಲೂ ಅದರಲ್ಲೇ ಇರುತ್ತೆ. ಚಾಲ್ಶೆ, ನಡೆಯುತ್ತೆ ಬಿಡಿ," ಎಂದು ಸಹಾಯಕ ಆಗಲೇ ಟಿಕ್ ಹಾಕಿ, ಬೀಗದ ಕೈ ಎತ್ತಿಕೊಂಡ. ಕ್ಯಾಮೆರಾದ ಪುಟ್ಟ ಬಾಗಿಲು ತೆರೆದು ತೋರಿಸಿದೆ. ಒಳಗೆ ಏನೂ ಇರಲಿಲ್ಲ.

"ರಜೆ ಮುಗಿದ ಮೇಲೆ ನೋಡೋಣ. ಅವಳು ಹೋಗಲಿ."

ಸಾಮಾನು ವಾಪಸಾಯಿತೆಂದು ಬರೆಯುವ ರಿಜಿಸ್ಟರನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡೆ. "ನಹೀ ಚಾಲೆ!" ಎಂದೆ. ನಡೆಯುವುದಿಲ್ಲ ಎಂದು. ಲೈಬ್ರರಿಯಲ್ಲಿ ಅಷ್ಟು ಜೋರಾಗಿ ನಾನು ಮಾತಾಡಿದ್ದು ಅದೇ ಮೊದಲು. ಆಚೆ ಕೋಣೆಯಿಂದ ಮೇಡಂ ಎದ್ದು ಬಂದರು. ನನಗೆ ನೆಲಮಾಳಿಗೆಯ ಮೆಟ್ಟಿಲು ಕಣ್ಣ ಮುಂದೆ ಬಂತು.

ಹುಡುಗಿ ಸಿಟ್ಟಿನಿಂದಲೇ ವಡೋದರದವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಕಾರ್ಡ್ ಎಲ್ಲಿಟ್ಟೆಯೋ?"

"ಎಲ್ಲೋ ಧೂಳು ತಾಗದ ಕಡೆ ಇಟ್ಟೆ ಯಾರ್, ನೆನಪಿಲ್ಲ. ಹೇಗೂ ನೀನು ಕಾಪಿ ಮಾಡಿಕೊಂಡಿದ್ದೀಯಲ್ಲ?"

"ನಾನಾ? ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆದು ಕೂತವನು ನೀನು!"

"ನಾನು ಕ್ರಿಕೆಟ್ ನೋಡುತ್ತಿದ್ದೆ."

ಹುಡುಗಿ ಫೋನ್ ಇಟ್ಟಳು. ಮಗ್ಗಗಳನ್ನು ಬೆಳಿಗ್ಗೆಯೇ ಲಾರಿಗೆ ಹೇರಿಯಾಗಿತ್ತು. "ಮಾಸಿ, ಇನ್ನೊಮ್ಮೆ ತೆಗೆಯೋಕೆ ಅಲ್ಲಿ ಏನೂ ಉಳಿದಿಲ್ಲ," ಎಂದಳು. ಅವಳ ಚೀಲ, ಜೇಬು, ಬ್ಯಾಟರಿಯ ಡಬ್ಬಿ ಎಲ್ಲವನ್ನೂ ಕೊಡವಿದೆವು. ಸಿಗಲಿಲ್ಲ.

ನಾನು ಮತ್ತೆ ಚಾದರದ ಮುಂದೆ ಬಂದು ನಿಂತೆ. ಮೊದಲೇ ಏನೋ ಕಣ್ಣಿಗೆ ಚುಚ್ಚಿತ್ತು. ಅವಸರದಲ್ಲಿ ಬಿಟ್ಟಿದ್ದೆ. ಜುಂಗಿನ ಟೊಪ್ಪಿಗೆ ತನ್ನ ಗೆರೆಯೊಳಗೆ ಸರಿಯಾಗಿ ಕೂತಿರಲಿಲ್ಲ. ಒಂದು ಪಕ್ಕ ಹೊಲಿಗೆಯನ್ನು ದಾಟಿ ಉಬ್ಬಿತ್ತು. ನೂಲಿನ ಧೂಳಿಗೆ ಜುಂಗು ಗಂಟಾಗಿದೆ, ಸೀಗೆಪುಡಿ ಹಾಕಿ ತೊಳೆದರಾಯಿತು ಎಂದುಕೊಂಡಿದ್ದೆ. ಪ್ರತಿ ಸಲವೂ ಹಾಗೇ ತೊಳೆಯುತ್ತಿದ್ದೆನಲ್ಲ! ಕೈ ಹಾಕಿ ಹಿಚುಕಿದೆ. ಒಳಗೆ ಕರವಸ್ತ್ರ. ಕರವಸ್ತ್ರದ ಮಡಿಕೆಯಲ್ಲಿ ಉಗುರಿನಷ್ಟಗಲದ ಚಿಪ್ಪು.

"ಸಿಕ್ತು!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಎಲ್ಲರಿಗೂ ಅರ್ಥವಾಯಿತು.

ಸಹಾಯಕ ಬೀಗದ ಕೈ ಕೆಳಗಿಟ್ಟು ತಾನೇ ಕಂಪ್ಯೂಟರ್ ಹಚ್ಚಿದ. ಕಾರ್ಡು ಸಿಕ್ಕಿಸಿದ ಕೂಡಲೇ ಪರದೆಯ ತುಂಬ ಮಗ್ಗ! ಖಟಖಟ ಖಟಖಟ ಎಂದು ಕೋಣೆಯೆಲ್ಲ ನಡುಗಿತು. ಹುಡುಗಿಯ ತಂದೆ ನೂಲಿನ ಎಳೆಯೊಂದನ್ನು ಗಂಟು ಹಾಕುತ್ತಿದ್ದರು, ಕ್ಯಾಮೆರಾದ ಕಡೆ ನೋಡದೆ. ಹುಡುಗಿ ಅಳುತ್ತ ನಗುತ್ತ ನನ್ನ ಕೈ ಹಿಡಿದುಕೊಂಡಳು. ಅವಳ ರೈಲು ತಪ್ಪಿತು.

ಮೇಡಂ ಚಾದರದ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಇದನ್ನು ಯಾರು ಹೇಳಿಕೊಟ್ಟರು, ಬೆನ್?"

"ನಮ್ಮವ್ವ."

"ಉಳಿದ ಐದು ಕಿಟ್ಟುಗಳಿಗೂ ಇಂಥದ್ದೊಂದೊಂದು ಬೇಕು. ರಜೆಯಲ್ಲಿ ಹೊಲಿಯುತ್ತೀರಾ?"

ನಾನು ಕೇಳಬೇಕಾದ್ದನ್ನು ನಾನೇ ಕೇಳಿದೆ, ನಾಲಿಗೆ ಒಣಗದೆ: "ಹೊಲೀತೀನಿ. ರಜೆ ಮುಗಿದ ಮೇಲೆ ಕೌಂಟರಿನಲ್ಲಿ ಯಾರು ಕೂರೋದು?"

"ಇದೇನು ಪ್ರಶ್ನೆ? ಈ ಗೆರೆಗಳು ಇನ್ಯಾರಿಗೆ ಅರ್ಥವಾಗುತ್ತವೆ?"

ಆಟೋ ಹತ್ತುವುದನ್ನೂ ಮರೆತು ವಸ್ತ್ರಾಪುರದ ಕೆರೆಯವರೆಗೂ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತಿದ್ದೆನೋ ಏನೋ, ಕಡಲೆಕಾಯಿ ಮಾರುವವನು ತಿರುಗಿ ನೋಡಿದ.

ಪುಟ್ಟಕ್ಕಾ, ಗುಂಡಣ್ಣಾ, ಐದು ಚಾದರ ಮುಗಿಸಿದ ಮೇಲೆ ಒಂದು ತುಂಡು ಬಟ್ಟೆ ಉಳಿಯಿತು. ಅದನ್ನು ಬೀರುವಿನ ಮೇಲಿನ ಅರೆಯಲ್ಲಿ ಹಾಸಿದ್ದೇನೆ. ನಿಮ್ಮ ಅಜ್ಜನ ಕನ್ನಡಕದ ಪೆಟ್ಟಿಗೆಗೊಂದು ಗೆರೆ ಹೊಲಿದಿದ್ದೇನೆ, ಪಕ್ಕದಲ್ಲಿ ಈ ಹಾಳೆಗಳಿಗೊಂದು. ಎಷ್ಟು ಸಲ ಬೇಕಾದರೂ ತೆಗೆದು ಓದಿ, ಗೆಳೆಯರಿಗೂ ತೋರಿಸಿ. ಓದಿದ ಮೇಲೆ ಮಡಿಸದೆ, ಒದ್ದೆ ಕೈಯಲ್ಲಿ ಮುಟ್ಟದೆ, ಅದರ ಗೆರೆಯೊಳಗೇ ಇಟ್ಟುಬಿಡಿ. ನಾನಿಲ್ಲದ ಕಾಲಕ್ಕೂ ಆ ಜಾಗ ಖಾಲಿ ಕಾಣಬಾರದು.